ಅಪ್ಪ ಯಾರ ಕೋಚು?

ಮಾರ್ಚ್ 4, ಮಂಗಳವಾರ

ಇವತ್ತು ಬಬಲ್ ಟೀ ಅಂಗಡಿಯ ಕೆಲಸ ಬಿಟ್ಟೆ. ಬಿಟ್ಟೆ ಅನ್ನುವುದು ಪೂರ್ತಿ ನಿಜವಲ್ಲ. ಒಬ್ಬ ಹೆಂಗಸು, ಇದರಲ್ಲಿ ನಿಜವಾದ ಮಾವಿನಹಣ್ಣು ಹಾಕ್ತೀರಾ ಎಂದು ಕೇಳಿದಳು. ಇಲ್ಲ, ಪುಡಿ, ಅಂದೆ. ಅವಳು ಹೋದಳು, ಅವಳ ಹಿಂದೆ ನಿಂತಿದ್ದವರೂ ಹೋದರು. ಮ್ಯಾನೇಜರ್ ಒಳಗೆ ಕರೆದ. ನಾಳೆಯಿಂದ ಬರಬೇಡ ಅನ್ನುವ ಮೊದಲೇ ನಾನು ಏಪ್ರನ್ ಬಿಚ್ಚಿ ಕೈಗೆ ಕೊಟ್ಟೆ.

ಮನೆಗೆ ಬಂದರೆ ಅವ್ವ ಬೀನ್ಸ್ ನಾರು ತೆಗೆಯುತ್ತ ಕೂತಿದ್ದಳು.

"ಯಾಕವಾ, ಇಷ್ಟ ಲಗೂ ಬಂದಿ?"

"ಕೆಲಸ ಹೋತು."

"ಹೋತೋ, ಬಿಟ್ಟಿಯೋ?"

"ಎರಡೂ."

ಅವಳು ತಲೆ ಎತ್ತಲಿಲ್ಲ. "ಸಾಲೀನೂ ಹಿಂಗ ಬಿಟ್ಟಿ," ಅಂದಳು.

ಹೌದು. ಹೋದ ವರ್ಷ ಪರೀಕ್ಷೆಯಲ್ಲಿ ಖಾಲಿ ಉತ್ತರಪತ್ರಿಕೆಯ ಮೇಲೆ 'ನಾನು ಓದಿಲ್ಲ, ಊಹಿಸಿ ಬರೆಯುವುದು ನನಗೆ ಬೇಡ' ಎಂದು ಬರೆದು ಎದ್ದು ಬಂದೆ. ಅದೇ ವಾರ ಕಾಲೇಜನ್ನೇ ಬಿಟ್ಟೆ. ದಿನಚರಿ ಬರಿ, ಮನಸ್ಸು ನಿಲ್ಲುತ್ತೆ ಅಂತ ಹೇಳಿದವರು ಅಲ್ಲಿನ ಕೌನ್ಸೆಲರ್. ಮನಸ್ಸು ನಿಂತಿಲ್ಲ. ಬೆಳಗಾವಿಯಲ್ಲಿ ನಾಲ್ಕನೇ ಇಯತ್ತೆ ತನಕ ಕಲಿತು, ಸಮುದ್ರದಾಚೆಯ ಈ ದೇಶಕ್ಕೆ ಬಂದ ಮೇಲೆ ಅವ್ವ ಬಡಿದು ಓದಿಸಿದ ಕನ್ನಡ ಮಾತ್ರ ಉಳಿದಿದೆ. ಹೌಗಾಂಗ್‌ನ ಈ ಫ್ಲ್ಯಾಟುಗಳ ಬ್ಲಾಕಿನಲ್ಲಿ ಇದನ್ನು ಓದಬಲ್ಲವರು ಅವ್ವ ಅಪ್ಪ ಇಬ್ಬರೇ. ಓದಲಿ. ಮುಖಕ್ಕೆ ಹೇಳದ್ದೇನೂ ಇಲ್ಲಿಲ್ಲ.

ಸಂಜೆ ಹಳೆಯ ಕಾಲೇಜಿನ ಗ್ರೌಂಡಿಗೆ ಹೋಗಿದ್ದೆ, ಅಪ್ಪ ಅಲ್ಲಿ ಹುಡುಗಿಯರ ಫುಟ್‌ಬಾಲ್ ಕೋಚ್. ನಾನು ಹೊತ್ತಿಗೆ ಸರಿಯಾಗಿ ಹೋಗುವ ಜಾಗ ಅದೊಂದೇ.

ಮಾರ್ಚ್ 9, ಭಾನುವಾರ

ಅನಂತರಾಮ್ ಅಂಕಲ್ ಬಂದಿದ್ದರು. ಮೈಸೂರಿನವರು. ಕ್ಲೆಮೆಂಟಿ ಕಡೆಯ ಒಂದು ದೊಡ್ಡ ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ, ಅಲ್ಲಿನ ಕ್ರೀಡಾ ಸಮಿತಿಯಲ್ಲೂ ಇದ್ದಾರೆ. ಅವ್ವ ಗಿರ್ಮಿಟ್ ಮಾಡಿದ್ದಳು.

"ನೋಡಿ ಶಿವಯೋಗೀಶ್, ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ನಮ್ಮ ಹುಡುಗೀರ ಫುಟ್‌ಬಾಲ್ ಟೀಮಿಗೆ ನೀವು ಬರಬೇಕು. ಈ ಸೀಸನ್ ಮುಗಿಸಿಕೊಂಡು ಬನ್ನಿ. ಪಾರ್ಟ್ ಟೈಮ್ ಅಲ್ಲ, ಫುಲ್ ಟೈಮ್. ಎರಡು ಟರ್ಫ್ ಇದೆ, ವಿಡಿಯೋ ರೂಮ್ ಇದೆ."

"ದೊಡ್ಡ ಮಾತು ಸರ್. ಸ್ವಲ್ಪ ಟೈಮ್ ಕೊಡಿ," ಅಂದ ಅಪ್ಪ.

ಅಂಕಲ್ ಮುಂದೆ ಅಪ್ಪನ ಕನ್ನಡ ಇಸ್ತ್ರಿ ಮಾಡಿದ ಹಾಗಿರುತ್ತದೆ. ಮನೆಯಲ್ಲಿ 'ಕೊಡ್ರಿ' ಅನ್ನುವವನು 'ಕೊಡಿ' ಅನ್ನುತ್ತಾನೆ.

"ಟೈಮ್ ಯಾಕ್ರೀ? ಎರಡು ವರ್ಷ ಸತತ ಚಾಂಪಿಯನ್ ಮಾಡಿದ ಕೋಚ್, ಇನ್ನೂ ಚೆಂಡಿಗೆ ನೀವೇ ಗಾಳಿ ತುಂಬ್ತೀರಂತೆ!"

"ತುಂಬೋದು ನಾನು ಅಂಕಲ್," ಅಂದೆ. "ಅಪ್ಪ ತುಂಬಿದ್ರೆ ಸೂಜಿ ಮುರೀತದೆ."

ಅಂಕಲ್ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿದರು. "ನೀನೇನ್ ಮಾಡ್ತಿದ್ದೀಯಮ್ಮ ಈಗ?"

"ಬ್ರೇಕ್ ತಗೊಂಡಿದ್ದಾಳೆ," ಅಂದಳು ಅವ್ವ.

"ಬ್ರೇಕ್ ಅಲ್ಲ. ಬಿಟ್ಟಿದ್ದೀನಿ."

ಗಿರ್ಮಿಟ್ ಮೇಲೆ ಅವ್ವ ಇನ್ನಷ್ಟು ಈರುಳ್ಳಿ ಉದುರಿಸಿದಳು.

ಅಪ್ಪ ಹೋದರೆ ನನ್ನ ಕಥೆ ಮುಗಿಯಿತು. ಇದನ್ನು ಬರೆಯಲು ನಾಚಿಕೆಯಿದೆ, ಆದರೆ ಮೊದಲು ಹೊಳೆದದ್ದು ಇದೇ. ಹೋದ ವರ್ಷ ಗೆದ್ದಾಗ ಗೋಲಿನಲ್ಲಿ ನಿಂತಿದ್ದವಳು ನಾನು. ಈಗ ವಿದ್ಯಾರ್ಥಿಯಲ್ಲ, ಆಡುವ ಹಾಗಿಲ್ಲ. ಕೋಚಿನ ಮಗಳು ಅಂತ ಕಾಲೇಜಿನವರು ಗೇಟಿನೊಳಗೆ ಬಿಡುತ್ತಾರೆ, ಹೊಸ ಕೀಪರ್ ಐನ್‌ಗೆ ಚೆಂಡು ಹೊಡೆದು ಕೊಡುತ್ತೇನೆ. ವಾರದಲ್ಲಿ ಎರಡು ಸಂಜೆ. ಉಳಿದ ದಿನಗಳಲ್ಲಿ ನಾನು ಯಾರೂ ಅಲ್ಲ.

ಮಾರ್ಚ್ 13, ಗುರುವಾರ

ಐನ್ ಎಡಕ್ಕೆ ಹಾರುವಾಗ ಕಾಲು ತಡವಾಗಿ ಊರುತ್ತಾಳೆ. ಹತ್ತು ಸಲ ಹೇಳಿದರೂ ಅಷ್ಟೇ. ಇವತ್ತು ರೇಗಿ ಗ್ಲೌಸ್ ಕಿತ್ತು ಎಸೆದೆ. ಅವಳು ಎತ್ತಿ ತಂದು ಕೊಟ್ಟಳು. "ಇನ್ನೊಂದ್ಸಲ ಹೊಡಿ ಲಾ," ಅಂದಳು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ಆ 'ಲಾ' ಜೊತೆಗೆ.

ಪ್ರಾಕ್ಟೀಸ್ ಮುಗಿದ ಮೇಲೆ ರಿಂಗ್. ಇದು ಅಪ್ಪನ ಪದ್ಧತಿ. ಅವನು ಮೊದಲು ತುವಾಸ್‌ನ ಶಿಪ್‌ಯಾರ್ಡಿನಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದ. ಅಲ್ಲಿ ಬೆಳಿಗ್ಗೆ ಕೆಲಸಕ್ಕೆ ಮೊದಲು ಎಲ್ಲರೂ ಸುತ್ತ ನಿಂತು, ನಿನ್ನೆ ಸ್ವಲ್ಪದರಲ್ಲಿ ತಪ್ಪಿದ ಅನಾಹುತ ಯಾವುದು, ಯಾರ ಕೈಯಿಂದ ಎಂದು ಬಾಯಿಬಿಟ್ಟು ಹೇಳಬೇಕಿತ್ತಂತೆ. ಕೋಚ್ ಆದಾಗ ಅದನ್ನೇ ಗ್ರೌಂಡಿಗೆ ತಂದ. ಬೂಟು ಬಿಚ್ಚಿ ಸುತ್ತ ಕೂರುವುದು. ಪ್ರತಿಯೊಬ್ಬಳೂ ತನ್ನ ಬಲಗಡೆಯವಳಿಗೆ ಅವಳದೊಂದು ತಪ್ಪನ್ನು ಮುಖಕ್ಕೆ ಹೇಳಬೇಕು. ಕೇಳಿಸಿಕೊಂಡವಳು 'ಥ್ಯಾಂಕ್ಯೂ' ಅನ್ನಬೇಕು, ಅಷ್ಟೇ. ಉತ್ತರ ಕೊಡಲೇಬೇಕಿದ್ದರೆ ಮುಂದಿನ ಪ್ರಾಕ್ಟೀಸಿನಲ್ಲಿ. ಅಷ್ಟರಲ್ಲಿ ಸಿಟ್ಟು ಇಳಿದು ಮಾತಷ್ಟೇ ಉಳಿದಿರುತ್ತದೆ ಎಂದು ಅಪ್ಪನ ನಂಬಿಕೆ. ಅವನೂ ಕೂರುತ್ತಾನೆ. ಅವನ ಎಡಗಡೆ ಕೂರಲು ಯಾರಿಗೂ ಇಷ್ಟವಿಲ್ಲ, ಆ ಜಾಗ ಯಾವಾಗಲೂ ಕ್ಯಾಪ್ಟನ್ ಹುಯ್ ಮಿನ್‌ಗೇ.

ನಾನು ಈಗ ರಿಂಗಿನಲ್ಲಿ ಇಲ್ಲ. ಚೆಂಡು ಎಣಿಸಿ ಬಲೆಗೆ ತುಂಬುತ್ತ ಕೇಳಿಸಿಕೊಳ್ಳುತ್ತೇನೆ.

"ಕೋಚ್, ಇವತ್ತು ನೀವು ನಮ್ಮನ್ನು ನೋಡ್ತಾ ಇರ್ಲಿಲ್ಲ," ಅಂದಳು ಹುಯ್ ಮಿನ್. "ಗ್ರೌಂಡ್ ಕಡೆ ನೋಡ್ತಿದ್ರಿ, ನಮ್ಮ ಕಡೆ ಅಲ್ಲ."

"ಥ್ಯಾಂಕ್ಯೂ," ಅಂದ ಅಪ್ಪ.

ಮಾರ್ಚ್ 16, ಭಾನುವಾರ

ಅವ್ವ ಮಾರ್ಕೆಟ್ಟಿಗೆ ಕರೆದುಕೊಂಡು ಹೋದಳು. ಏನೋ ಹೇಳಲಿಕ್ಕಿದ್ದಾಗ ಮಾತ್ರ ಚೀಲ ಹೊರಲು ನನ್ನನ್ನು ಕರೆಯುತ್ತಾಳೆ. ಕರಿಬೇವು ಆರಿಸುತ್ತ, ನನ್ನ ಮುಖ ನೋಡದೆ ಹೇಳಿದಳು.

"ಆ ಕಾಲೇಜಿನ್ಯಾಗ ನಿನಗೂ ಸೀಟ್ ಕೊಡ್ತಾರಂತ. ಜನವರಿಗೆ. ಮತ್ತ ಮೊದಲನೇ ವರ್ಷದಿಂದ. ನೀ ಕೀಪರ್ ಇದ್ದೆಲ್ಲ, ಅದನ್ನ ನೋಡಿ. ಅನಂತರಾಮ್ ಸರ್ ಪ್ರಿನ್ಸಿಪಾಲ್ರ ಕಡೆ ಮಾತಾಡ್ಯಾರ."

"ಅಪ್ಪ ಹೋದ್ರ?"

"ಅಪ್ಪ ಹೋದ್ರ. ಅದಕ್ಕಂತನ ಹೋಗಾಕ ಮನಸ್ಸು ಮಾಡ್ಯಾರ ನಿಮ್ಮಪ್ಪ. ಇಲ್ಲಾಂದ್ರ ಆ ಹುಡುಗ್ಯಾರನ್ನ ಬಿಟ್ಟು ಹೊಕ್ಕಿದ್ರೇನ?"

ಮೀನಿನ ಅಂಗಡಿಯ ನೀರು ಕಾಲ ಕೆಳಗೆ ಹರಿಯುತ್ತಿತ್ತು. ಅವ್ವನಿಗೆ ಆ ವಾಸನೆ ಆಗುವುದಿಲ್ಲ, ಆದರೂ ಅಲ್ಲೇ ನಿಂತಿದ್ದಳು.

"ಅವ್ವಾ, ನಾ ಅಲ್ಲೂ ಓದೂದಿಲ್ಲ."

"ಹಂಗನ್ನಬ್ಯಾಡ."

"ಖರೇ ಹೇಳಾಕತ್ತೀನಿ. ಕ್ಲಾಸಿನ್ಯಾಗ ಕುಂತರ ನನಗ ಉಸರ ಕಟ್ಟತೈತಿ. ಅಲ್ಲೂ ಬಿಡ್ತೀನಿ."

"ಸುಳ್ಳ ಹೇಳು ಅಂತ ನಾ ಹೇಳಿಲ್ಲವಾ. ಸುಮ್ಮಿರು ಅಂತೀನಿ. ಸುಮ್ಮ ಇರೂದು ಸುಳ್ಳಲ್ಲ." ಅವಳ ದನಿ ಒಡೆಯಿತು. "ಫೋನ್ ಮಾಡಿದವ್ರೆಲ್ಲ ಮಗಳು ಏನ ಮಾಡಾಕತ್ತಾಳ ಅಂತ ಕೇಳ್ತಾರ. ನಾ ಏನ ಹೇಳ್ಲಿ? ಒಂದ ವರ್ಷ. ಒಂದ ವರ್ಷ ಕುಂಡ್ರು ಸಾಕ."

ಕರಿಬೇವಿನ ಅಂಗಡಿಯ ಆಂಟಿ ಚೀನೀ ಭಾಷೆಯಲ್ಲಿ ಏನೋ ಹೇಳಿ ಇನ್ನೊಂದು ಕಟ್ಟು ಸುಮ್ಮನೆ ಚೀಲಕ್ಕೆ ಹಾಕಿದಳು.

ಮಾರ್ಚ್ 18, ಮಂಗಳವಾರ

ಸುಮ್ಮನಿದ್ದೆ. ಎರಡು ದಿನ. ತಾಟಿನ ಅನ್ನ ಹಾಗೇ ಬಿಟ್ಟು ಎದ್ದೆ.

ಮಾರ್ಚ್ 22, ಶನಿವಾರ

"ಬರ್ತೀಯೇನ? ಸುಮ್ಮ ನೋಡಿ ಬರೂಣು," ಅಂದ ಅಪ್ಪ. ಎಂಆರ್‌ಟಿ ರೈಲಿನಲ್ಲಿ ಅಷ್ಟು ದೂರ ಕೂತು ಹೋದೆವು. ರಜೆ, ಕಾಲೇಜು ಖಾಲಿ. ಅಂಕಲ್ ಗೇಟಿನಲ್ಲಿ ಕಾಯುತ್ತಿದ್ದರು.

ಟರ್ಫ್ ನಿಜಕ್ಕೂ ಚೆನ್ನಾಗಿದೆ. ನಮ್ಮದರ ಹಾಗೆ ಮೂಲೆಯಲ್ಲಿ ನೀರು ನಿಲ್ಲುವುದಿಲ್ಲ. ಅಪ್ಪ ಅಂಚಿನಲ್ಲಿ ಚಪ್ಪಲಿ ಬಿಟ್ಟ, ಗುಡಿಯ ಹೊರಗೆ ಬಿಟ್ಟ ಹಾಗೆ. "ಕಾಲ ಹಚ್ಚಿ ನೋಡವಾ, ಹೆಂಗೈತಿ," ಅಂದ. ಆಮೇಲೆ ಕಾರ್ನರಿನಿಂದ ಪೆನಾಲ್ಟಿ ಬಾಕ್ಸಿನ ತನಕ ಒಬ್ಬನೇ ನಡೆದ. ತುಟಿ ಅಲ್ಲಾಡುತ್ತಿತ್ತು, ಅಲ್ಲಿ ಹನ್ನೊಂದು ಜನ ನಿಂತಿರುವ ಹಾಗೆ ಕೈ ತೋರಿಸುತ್ತಿದ್ದ. ವಿಡಿಯೋ ರೂಮಿನಲ್ಲಿ ಮೊದಲು ಹಿಂದಿನ ಕುರ್ಚಿಯಲ್ಲಿ ಕೂತ, ಎದ್ದು ಮುಂದಿನದರಲ್ಲಿ ಕೂತ. ದೀಪ ಆರಿಸಿ ಅಂದ, ಹಾಕಿ ಅಂದ. ಅಂಕಲ್ ಬೇಸರವಿಲ್ಲದೆ ಆರಿಸಿದರು, ಹಾಕಿದರು.

"ಹೆಂಗನಿಸ್ತು?" ಎಂದು ವಾಪಸು ಬರುವಾಗ ಕೇಳಿದ.

"ಚೊಲೊ ಐತಿ."

"ಚೊಲೊ ಅಂದ್ರ? ಭಾರೀ ಐತಿ!"

ನನ್ನ ಮನಸ್ಸು ಒಲಿಸಲು ನಟಿಸುತ್ತಿದ್ದಾನೆ. ನಟಿಸಲು ಬಾರದ ಮನುಷ್ಯ, ಆದರೂ ಎಷ್ಟು ಚೆನ್ನಾಗಿ ನಟಿಸಿದ! ನನಗೋಸ್ಕರ ಇಷ್ಟೆಲ್ಲ ಮಾಡುವವನ ಪಕ್ಕದಲ್ಲಿ ಕೂತು, ನಾನು ಓದುವುದಿಲ್ಲ ಅಂತ ಹೇಳಲು ಬಾಯಿ ತೆರೆದೆ. ಹೌಗಾಂಗ್ ಬಂತು. ಇಳಿದೆವು.

ಏಪ್ರಿಲ್ 2, ಬುಧವಾರ

ಪಾರ್ಸೆಲ್ ಗೋಡೌನಿನ ಕೆಲಸ ಹಿಡಿದೆ, ಬಿಟ್ಟೆ. ಒಡೆದ ಡಬ್ಬಿಯನ್ನು ತಿರುಗಿಸಿ ಜೋಡಿಸು, ಒಡೆದದ್ದು ಕಾಣದ ಹಾಗೆ, ಅಂದರು. ಆಗಲಿಲ್ಲ.

ಈ ವಾರ ಬಸ್ಸಿನಲ್ಲಿ ಕೂತು ಕೊನೆಯ ನಿಲ್ದಾಣದ ತನಕ ಹೋಗುವುದು, ಅದೇ ಬಸ್ಸಿನಲ್ಲಿ ಬರುವುದು, ಇಷ್ಟೇ ಮಾಡಿದ್ದು. ಬೆಡೋಕ್‌ನಲ್ಲಿ ಇಳಿದು ಒಂದು ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಒಬ್ಬ ಮುದುಕ ಪಕ್ಕದ ಬೆಂಚಿನಲ್ಲಿ ಕೂತು ರೇಡಿಯೋ ಹಾಕಿದ. ಹಿತವಾಯಿತೋ ಕಿರಿಕಿರಿಯಾಯಿತೋ ಗೊತ್ತಾಗಲಿಲ್ಲ.

ನಾನು ಹೂಂ ಅಂದರೆ ಅಪ್ಪ ಟೀಮ್ ಬಿಡುತ್ತಾನೆ, ಒಂದು ವರ್ಷದಲ್ಲಿ ನಾನು ಆ ಕಾಲೇಜನ್ನೂ ಬಿಡುತ್ತೇನೆ, ಅವನು ಬಿಟ್ಟದ್ದು ದಂಡ. ಇಲ್ಲ ಅಂದರೆ ಅವ್ವ ಸಾಯುತ್ತಾಳೆ. ಸಾಯುವುದಿಲ್ಲ, ಅದು ನನಗೆ ಗೊತ್ತು. ಆದರೆ ಈಗಿರುವ ಹಾಗೂ ಇರುವುದಿಲ್ಲ. ಅಪ್ಪ ಇಲ್ಲೇ ಉಳಿದರೂ, ನನ್ನಿಂದ ಉಳಿದ ಅಂತ ಅವಳು ದಿನಾ ಚಪಾತಿ ಲಟ್ಟಿಸುತ್ತ ನೆನೆಯುತ್ತಾಳೆ.

ಅಪ್ಪನ ಹತ್ತಿರ ಹೋದೆ. "ಸೆಮಿಫೈನಲ್ ಮುಗೀಲಿ, ಆಮ್ಯಾಲ ಎಲ್ಲಾ ಮಾತಾಡೂಣು," ಅಂದ. ಮೊನ್ನೆಯೂ ಹೀಗೇ ಅಂದ. ಆದರೆ ಅಂಕಲ್‌ಗೆ ಅವನು ಉತ್ತರ ಕೊಡಬೇಕಾದದ್ದು ಸೆಮಿಫೈನಲ್‌ಗೆ ಮೊದಲೇ. ಅವ್ವನೇ ಹೇಳಿದಳು.

ಏಪ್ರಿಲ್ 10, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ರಿಂಗ್ ಕೂರುವಾಗ ನಾನು ಚೆಂಡಿನ ಬಲೆ ಕೆಳಗಿಟ್ಟು ಹೋಗಿ ಅಪ್ಪನ ಎಡಗಡೆ ಕೂತೆ. ಹುಯ್ ಮಿನ್ ಹುಬ್ಬೇರಿಸಿ ಪಕ್ಕಕ್ಕೆ ಸರಿದಳು. ಯಾರೋ ನಕ್ಕರು. ಅಪ್ಪನೂ ಸ್ವಲ್ಪ ನಕ್ಕ, ನಾನು ಮತ್ತೆ ರಿಂಗಿಗೆ ಬಂದೆ ಅಂತ ಖುಷಿಯಾಯಿತೇನೋ. ಬೂಟು ಬಿಚ್ಚಿದೆ. ಮಾತು ಸುತ್ತಿ ಬಂದು ನನ್ನ ಸರದಿ ಆಯಿತು.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇದು: "ನೀವು ಈ ಟೀಮನ್ನು ಬಿಟ್ಟು ಕ್ಲೆಮೆಂಟಿಗೆ ಹೋಗ್ತಿರೋದು ನನಗೆ ಅಲ್ಲಿ ಸೀಟ್ ಸಿಗಲಿ ಅಂತ. ನಾನು ಅಲ್ಲಿ ಓದೋದಿಲ್ಲ. ನನಗೋಸ್ಕರ ಇವರನ್ನು ಬಿಡೋದು ತಪ್ಪು."

ಅಪ್ಪನಿಗೆ ಹೇಳುತ್ತಿದ್ದೇನೆ ಅಂತಷ್ಟೇ ನನ್ನ ತಲೆಯಲ್ಲಿತ್ತು. ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ, ಕೇಳಲೇಬೇಕಾದ ಜಾಗದಲ್ಲಿ. ಸುತ್ತ ಕೂತವರಿಗೆ ಕ್ಲೆಮೆಂಟಿಯ ವಿಷಯವೇ ಗೊತ್ತಿಲ್ಲ ಎನ್ನುವುದು, ಬಾಯಿ ಮುಚ್ಚಿದ ಮೇಲೆ ಅವರ ಮುಖ ನೋಡಿದಾಗ ಹೊಳೆಯಿತು.

ಬುಧವಾರ ಸೆಮಿಫೈನಲ್. 

ಅಪ್ಪ ಹುಲ್ಲು ನೋಡುತ್ತಿದ್ದ. ಪ್ಲಾಸ್ಟಿಕ್ ಹುಲ್ಲು. ಅವನ ಕಿವಿ ಕೆಂಪಾಗಿತ್ತು.

"ಥ್ಯಾಂಕ್ಯೂ," ಅಂದ.

ಮುಂದಿನವಳಿಗೆ ತನ್ನ ಬಲಗಡೆಯವಳ ತಪ್ಪು ಹೇಳಲಾಗಲಿಲ್ಲ. ರಿಂಗ್ ಅಲ್ಲಿಗೇ ನಿಂತಿತು. ಒಬ್ಬೊಬ್ಬಳಾಗಿ ಬೂಟು ಕೈಯಲ್ಲಿ ಹಿಡಿದು ಎದ್ದರು.

ಏಪ್ರಿಲ್ 11, ಶುಕ್ರವಾರ

ಹುಯ್ ಮಿನ್ ಬಸ್ ಸ್ಟಾಪಿನಲ್ಲಿ ಹಿಡಿದಳು. ನಾವು ಹೋದ ವರ್ಷ ಒಂದೇ ಕ್ಲಾಸು, ಒಂದೇ ಬೆಂಚು.

"ನಿಂಗೆ ಈಗ ಹಗುರ ಆಯ್ತಾ?"

"ನಿಜ ಹೇಳ್ದೆ."

"ಗೊತ್ತು ಲಾ. ಯಾವಾಗಲೂ ನಿಜ ಹೇಳ್ತೀಯ, ಹೇಳಿ ಎದ್ದು ಹೋಗ್ತೀಯ. ಪರೀಕ್ಷೆಯಲ್ಲೂ ಹಂಗೇ ಮಾಡ್ದೆ. ಹೋದ ಮೇಲೆ ಗೋಲಿನಲ್ಲಿ ಯಾರು ನಿಂತ್ಕೋಬೇಕಿತ್ತು? ಉಳಿದುಕೊಳ್ಳೋರು ನಾವು."

ಅವಳು ಹೇಳಿದ್ದು ತಪ್ಪು ಅಂತ ಬರೆಯಲು ಆಗಲೇ ಎಷ್ಟೋ ಸಲ ಪೆನ್ನೆತ್ತಿದೆ.

ಟೀಮಿನ ಟೀಚರ್ ಅಪ್ಪನಿಗೆ ಫೋನ್ ಮಾಡಿದ್ದರು. ಯಾರದೋ ಅಪ್ಪ ಅಮ್ಮ ದೂರು ಕೊಟ್ಟರಂತೆ. ಇನ್ನು ಮುಂದೆ ವಿದ್ಯಾರ್ಥಿಯಲ್ಲದವರು ಗ್ರೌಂಡಿನೊಳಗೆ ಬರುವ ಹಾಗಿಲ್ಲ. ಅಂದರೆ ನಾನು.

ಮನೆಯಲ್ಲಿ ಅಪ್ಪ ಆ ಮಾತೇ ಎತ್ತುವುದಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆ ಅಂತಾನೆ, ಫ್ಯಾನ್ ಶಬ್ದ ಮಾಡುತ್ತದೆ ಅಂತಾನೆ. ಮುಂದಿನ ಪ್ರಾಕ್ಟೀಸಿನ ತನಕ ಉತ್ತರವಿಲ್ಲ. ತನ್ನ ನಿಯಮವನ್ನು ಮನೆಯೊಳಗೂ ಪಾಲಿಸುತ್ತಿದ್ದಾನೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಅವ್ವ ಮಾತಾಡುವುದಿಲ್ಲ. ತಾಟು ಮುಂದಿಡುತ್ತಾಳೆ, ಹೋಗುತ್ತಾಳೆ.

ಏಪ್ರಿಲ್ 15, ಮಂಗಳವಾರ

ಬೇಲಿಯ ಹೊರಗೆ ನಿಂತಿದ್ದೆ. ಹೊರಗೆ ನಿಲ್ಲಬೇಡ ಅಂತ ಯಾರೂ ಹೇಳಿಲ್ಲ. ಪ್ರಾಕ್ಟೀಸ್ ಸತ್ತಿತ್ತು. ಚೆಂಡು ಪಕ್ಕದಲ್ಲೇ ಹೋದರೂ ಯಾರೂ ಕರೆದು ಕೇಳುತ್ತಿರಲಿಲ್ಲ.

ರಿಂಗ್ ಕೂತಿತು. ಅಪ್ಪ ಈ ಸಲ ಬೇಲಿಯ ಕಡೆ ಮುಖ ಮಾಡಿ ಕೂತ. ಮೊದಲು ಅವನೇ ಮಾತಾಡಿದ. ಜೋರಾಗಿ, ನನಗೂ ಕೇಳಿಸುವ ಹಾಗೆ. ಅವನ ಇಂಗ್ಲಿಷ್ ಹಾಗೇ, ಒಂದೊಂದೇ ಕಲ್ಲು ಇಟ್ಟ ಹಾಗೆ.

"ಗುರುವಾರದ ಮಾತಿಗೆ ನನ್ನ ಉತ್ತರ. ನನ್ನ ಮಗಳು, ನಾನು ಅವಳಿಗಾಗಿ ಹೋಗ್ತಿದ್ದೀನಿ ಅಂದಳು. ಅದು ಸರಿಯಲ್ಲ. ಅವಳ ಅಮ್ಮನಿಗೆ ನಾನೇ ಹಾಗೆ ಹೇಳಿದ್ದೆ. ಮಗಳಿಗಾಗಿ ಹೋಗುವ ಅಪ್ಪನನ್ನು ಯಾರೂ ಬೈಯಲ್ಲ. ನಾನು ಹೋಗೋದು ನನಗಾಗಿ. ಆ ಗ್ರೌಂಡ್ ನೋಡಿದ ದಿನವೇ ನನಗೆ ಬೇಕು ಅನ್ನಿಸಿತು. ನೋಡೋ ಮೊದಲೇ ಬೇಕಿತ್ತು. ನಿಮಗೆ ಹೇಳಬೇಕಿತ್ತು. ಹೆದರಿದೆ."

ಹುಯ್ ಮಿನ್ ಬಹಳ ಹೊತ್ತು ಬೂಟಿನ ಲೇಸು ಬೆರಳಿಗೆ ಸುತ್ತಿಕೊಂಡಳು.

"ಥ್ಯಾಂಕ್ಯೂ, ಕೋಚ್," ಅಂದಳು. ದನಿಯಲ್ಲಿ ಏನೂ ಇರಲಿಲ್ಲ.

ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದು, ನಿಜ ಮಾತ್ರ ಹೇಳುವವಳು ನಾನು ಅಂದುಕೊಂಡು, ಆ ಟರ್ಫಿನ ಮೇಲೆ ಬರಿಗಾಲಲ್ಲಿ ನಡೆದ ಮನುಷ್ಯನ ಮುಖವನ್ನು ಕಣ್ಣಾರೆ ನೋಡಿ, ನಟನೆ ಅಂತ ಬರೆದೆ. ಇಡೀ ಜಗತ್ತು ನನ್ನ ಸುತ್ತಲೇ ತಿರುಗುತ್ತಿದೆ ಎಂದು ಯಾಕೆ ಅನ್ನಿಸಿತು?

ನನಗೆ ಸಿಟ್ಟೂ ಬಂದಿದೆ. ನನ್ನನ್ನು ಮುಂದಿಟ್ಟುಕೊಂಡು ಅವನು ಅಡಗಿದ. ಅವ್ವನನ್ನು ಅಳಿಸಿದ. ಅದನ್ನೂ ಬರೆದಿಡುತ್ತೇನೆ.

ಏಪ್ರಿಲ್ 16, ಬುಧವಾರ

ಸೋತರು. ಒಂದು ಗೋಲು. ಐನ್‌ನ ಎಡಗಡೆಯಿಂದ.

ಏಪ್ರಿಲ್ 17, ಗುರುವಾರ

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ.

ನಾನು ಸ್ಟ್ಯಾಂಡಿನಲ್ಲಿ ಬೇರೆಯವರ ಜೊತೆ ಕೂತಿದ್ದೆ. ಚೆಂಡು ಬರುವಾಗಲೇ ಗೊತ್ತಾಯಿತು. ಐನ್‌ನ ಕಾಲು ಇನ್ನೂ ಗಾಳಿಯಲ್ಲಿತ್ತು. ಮುಗಿದ ಮೇಲೆ ಹುಯ್ ಮಿನ್ ಮತ್ತು ಎರಡನೇ ವರ್ಷದವರು ಒಟ್ಟಿಗೆ ನಿಂತು ಅತ್ತರು. ಅವರಿಗೆ ಇದು ಕೊನೆಯ ಆಟ, ಇನ್ನು ಪರೀಕ್ಷೆ, ಓದು. ಅಪ್ಪ ಪ್ರತಿಯೊಬ್ಬಳ ಹತ್ತಿರ ಹೋದ. ಹುಯ್ ಮಿನ್ ಅವನ ಕೈ ಕುಲುಕಿದಳು, ತಲೆ ಎತ್ತದೆ.

ಐನ್ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡಿದ್ದಳು.

"ನನ್ನಿಂದ ಸೋತ್ವಿ," ಅಂದಳು ಒಳಗಿನಿಂದ.

ಅಲ್ಲ ಅನ್ನಬಹುದಿತ್ತು. "ಗೋಲು ನಿನ್ನಿಂದ," ಅಂದೆ. "ಸೋತದ್ದು ಹೋದ ಗುರುವಾರ, ನನ್ನಿಂದ. ನಿನ್ನ ಕಾಲಿನ ತಪ್ಪು ಸರಿ ಮಾಡಬಹುದು. ಬಾಗಿಲು ತೆಗಿ."

ತೆಗೆಯಲಿಲ್ಲ. ನಾನು ಹೊರಗೆ ನೆಲದ ಮೇಲೆ ಕೂತೆ. ಕ್ಲೀನರ್ ಆಂಟಿ ಬಂದು, ಒದ್ದೆ ನೆಲ, ಏಳು ಅಂದಳು. ಏಳಲಿಲ್ಲ. ಅವಳು ನನ್ನ ಸುತ್ತ ಒರೆಸಿಕೊಂಡು ಹೋದಳು. ಐನ್ ಹೊರಗೆ ಬರುವಷ್ಟರಲ್ಲಿ ಕ್ರೀಡಾಂಗಣ ಖಾಲಿಯಾಗಿತ್ತು.

ಏಪ್ರಿಲ್ 20, ಭಾನುವಾರ

ಅವ್ವ ಕಡೆಗೂ ಬಾಯಿಬಿಟ್ಟಳು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು.

"ನೀವು ನನ್ನ ಮುಂದ ಮಗಳ ಹೆಸರು ಹೇಳಿದ್ರಿ. ನಾ ನಂಬಿ ಮಾರ್ಕೆಟ್ಟಿನ್ಯಾಗ ನಿಂತು ಈಕಿ ಕಾಲಿಗೆ ಬೀಳೂದೊಂದು ಬಾಕಿ ಇತ್ತು. ಈಕಿ ಸೀದಾ ಹೋಗಿ ಹುಡುಗ್ಯಾರ ನಡಬರಕ ಕುಂತು ಡಂಗುರಾ ಸಾರಿದಳು. ಅಪ್ಪ ಮಗಳು ಕೂಡಿ ಮ್ಯಾಚ್ ಆಡೀರಿ, ಚೆಂಡು ನಾನು."

ಅಪ್ಪ ಏನೋ ಹೇಳಲು ಹೋದ.

"ಥ್ಯಾಂಕ್ಯೂ ಅನ್ರಿ ಸಾಕ," ಅಂದಳು ಅವ್ವ.

ನಗು ಬಂತು. ಯಾರೂ ನಗಲಿಲ್ಲ.

ಇಲ್ಲಿನ ಕಾಲೇಜಿನವರು ಅಪ್ಪನನ್ನು ಹೋಗು ಅಂದಿಲ್ಲ. ಉಳಿಯುವುದಾದರೆ ಉಳಿ, ಇನ್ನೊಂದು ವಾರದಲ್ಲಿ ಹೇಳು ಅಂದಿದ್ದಾರೆ. ಅನಂತರಾಮ್ ಅಂಕಲ್ ಕೂಡ ಗಡುವು ಮುಂದೂಡಿ ಅಷ್ಟೇ ಸಮಯ ಕೊಟ್ಟಿದ್ದಾರೆ. ನನ್ನ ಸೀಟು ಬೇಡ ಅಂತ ನಾನೇ ಫೋನ್ ಮಾಡಿ ಹೇಳಿದೆ. "ದುಡುಕಬೇಡಮ್ಮ," ಅಂದರು. "ದುಡುಕ್ತಿಲ್ಲ ಅಂಕಲ್, ಓದೋಕೆ ಆಗಲ್ಲ," ಅಂದೆ. "ಮತ್ತೇನ್ ಮಾಡ್ತೀಯ?" ಅಂದರು. ಗೊತ್ತಿಲ್ಲ ಅಂದೆ. ಇದಕ್ಕಿಂತ ನಿಜವಾದ ಮಾತು ನನ್ನ ಹತ್ತಿರ ಇಲ್ಲ, ಇದಕ್ಕಿಂತ ಹೆದರಿಸುವ ಮಾತೂ ಇಲ್ಲ.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಅಪ್ಪ ಕೆಳಗಿನ ಕಾಫಿ ಶಾಪ್‌ಗೆ ಕರೆದ. ಎರಡು ತೇಹ್, ಅಂದರೆ ಇಲ್ಲಿನ ಚಹಾ, ತಂದ. ತನ್ನದರಲ್ಲಿ ಚಮಚ ಆಡಿಸುತ್ತಲೇ ಇದ್ದ.

"ನಾಳೆ ಹೇಳಬೇಕು. ನಿಮ್ಮವ್ವ, ನಿಮಗ ತಿಳಿದಂಗ ಮಾಡ್ರಿ ಅಂತಾಳ. ಹುಡುಗ್ಯಾರು ನನ್ನ ಮುಖ ನೋಡೂದಿಲ್ಲ. ಸರ್ ಅಂತೂ ಬಾ ಬಾ ಅಂತಾರ. ಖರೇ ಹೇಳಾಕಿ ನೀ ಒಬ್ಬಾಕಿ. ಹೋಗ್ಲೇನವಾ?"

"ನನ್ನ ಖರೇ ಮ್ಯಾಲ ಇನ್ನೂ ನಂಬಿಗಿ ಐತೇನ?"

"ಐತಿ. ಅರ್ಧಾ ತಪ್ಪಿತ್ತು. ಅರ್ಧಾ ಬರೋಬರಿ ಇತ್ತು. ಹೇಳದ ಹೊಂಟಿದ್ನಿ, ಅದು ತಪ್ಪು."

ಹೋಗಬೇಡ ಅನ್ನಬೇಕು ಅನ್ನಿಸಿತು. ಅವನು ಉಳಿದರೆ ಎಂದೋ ಒಂದು ದಿನ ಆ ಗೇಟು ನನಗೆ ಮತ್ತೆ ತೆರೆದೀತು. ಹೋದರೆ ಎಂದಿಗೂ ಇಲ್ಲ. ಒಂದು ಮಾತು ಅಂದಿದ್ದರೆ ಅವನು ಉಳಿಯುತ್ತಿದ್ದ. ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಈ ಸಲ ಸರಿಯಾಗಿ ನೋಡಿದೆ. ಇನ್ನೊಂದೂ ಕಾಣುತ್ತಿತ್ತು. ಆ ಗ್ರೌಂಡು.

"ನೀ ಹೋಗಬಾರದು ಅಂತ ನನಗ ಆಸೆ ಐತಿ," ಅಂದೆ. "ನೀ ಹೋಗಬೇಕು ಅಂತ ಅನಸ್ತೈತಿ. ಎರಡೂ ಖರೇ."

"ಯಾವದು ಕೇಳ್ಲಿ?"

"ಆಸೆ ನಂದು. ಅದನ್ನ ನನ್ನ ಕಡೆ ಬಿಡು."

ಅವನು ಕಣ್ಣೊರೆಸಿಕೊಳ್ಳುವುದನ್ನು ಪಕ್ಕದ ಮೇಜಿನವರು ನೋಡಿದರು. ತೇಹ್ ತಣ್ಣಗಾಗಿತ್ತು, ಆದರೂ ಕುಡಿದೆವು. ಲಿಫ್ಟಿನಲ್ಲಿ ನಾನು ಗೋಡೆಗೆ ತಿರುಗಿ ನಿಂತೆ.

ಜೂನ್ 3, ಮಂಗಳವಾರ

ಎಷ್ಟೋ ದಿನ ಬರೆದಿಲ್ಲ. ಹೊತ್ತೇ ಸಿಗಲಿಲ್ಲ.

ನಮ್ಮ ಬ್ಲಾಕಿನ ಹಿಂದೆ ಸುತ್ತ ಜಾಲರಿ ಕಟ್ಟಿದ ಸಣ್ಣ ಫುಟ್‌ಬಾಲ್ ಕೋರ್ಟು ಇದೆಯಲ್ಲ, ಅಲ್ಲಿಗೆ ಐನ್ ಬರುತ್ತಾಳೆ. ಮೊದಲು ಅವಳೊಬ್ಬಳೇ. ಆಮೇಲೆ ಮೊದಲ ವರ್ಷದ ಇನ್ನಿಬ್ಬರು, ಈಗ ನಾಲ್ವರು. ಕಾಲೇಜಿಗೆ ಹೊಸ ಕೋಚ್ ಬರುವ ತನಕ ಎಂದು ಐನ್ ಹೇಳುತ್ತಾಳೆ. ಅವಳ ಕಾಲಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಕೂಗಿದರೆ ಅವಳು ಇನ್ನೂ ತಡ ಮಾಡುತ್ತಾಳೆ, ಕೂಗದಿದ್ದರೆ ಸರಿಯಾಗಿ ಊರುತ್ತಾಳೆ. ಇದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

ಬೆಳಿಗ್ಗೆ ಬೇಕರಿಯಲ್ಲಿ ಕೆಲಸ. ಟ್ರೇ ತೊಳೆಯುವುದು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಸಂಜೆಗೆ ಮೊದಲೇ ಬಿಡುತ್ತಾರೆ, ಅದಕ್ಕೇ ಇನ್ನೂ ಬಿಟ್ಟಿಲ್ಲ.

ಮುಂದೇನು ಅಂತ ನೆನೆದರೆ ಈಗಲೂ ಭಯವಾಗುತ್ತದೆ. ನೆನೆಯುವುದು ಹೆಚ್ಚಾಗಿ ಬೆಳಿಗ್ಗೆ, ಟ್ರೇ ಮುಂದೆ.

ಜುಲೈ 5, ಶನಿವಾರ

ಅಪ್ಪನಿಗೆ ಕ್ಲೆಮೆಂಟಿಯಲ್ಲಿ ಮೊದಲ ವಾರ. ಅವ್ವ ದಿನಾ ರೊಟ್ಟಿ ಕಟ್ಟಿಕೊಡುತ್ತಾಳೆ, ಮಾತು ಮಾತ್ರ ಇನ್ನೂ ಅಗತ್ಯಕ್ಕೆ ತಕ್ಕಷ್ಟೇ.

ಇವತ್ತು ಸಂಜೆ ಹುಡುಗಿಯರು ಎಡಗಡೆಯಿಂದ ಹೊಡೆಯುತ್ತಿದ್ದರು, ಐನ್ ಗೋಲಿನಲ್ಲಿದ್ದಳು. ಅಪ್ಪ ಎಂಆರ್‌ಟಿಯಿಂದ ನಡೆದು ಬಂದ. ಹೊಸ ಕಾಲೇಜಿನ ಅಂಗಿ, ಎದೆಯ ಮೇಲೆ ಅವರ ಚಿಹ್ನೆ. ಜಾಲರಿಯ ಹೊರಗೆ ಚೀಲ ಕೆಳಗಿಟ್ಟು ನಿಂತ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ಯಾರೂ 'ಹಲೋ ಕೋಚ್' ಅನ್ನಲಿಲ್ಲ. ಐನ್ ಹಾರಿದಾಗ ಅವನ ಕೈ ತಾನೇ ಮೇಲೆದ್ದಿತು, ಬಾಯಿ ತೆರೆಯಿತು.

ನಾನು ಚೆಂಡು ಕೈಯಲ್ಲಿ ಹಿಡಿದು ಜಾಲರಿಯ ಹತ್ತಿರ ಹೋದೆ.

"ಅಪ್ಪಾ, ನೋಡಬ್ಯಾಡ."

"ಯಾಕವಾ?"

"ಮುಂದಿನ ವರ್ಷ ನೀ ನಿನ್ನ ಹುಡುಗ್ಯಾರನ್ನ ಇವರ ಎದುರಿಗೆ ಆಡಸ್ತಿ. ನನ್ನ ಕೀಪರಿಂದು ಏನ ಅಡಚಣಿ ಐತಿ ಅಂತ ನಿನಗ್ಯಾಕ ತೋರಿಸ್ಲಿ?"

ಅವನು ನನ್ನ ಮುಖವನ್ನೇ ನೋಡಿದ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. "ಬರೋಬರಿ," ಅಂದ. ಚೀಲ ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ತಿರುಗಿ, ಜಾಲರಿಗೆ ಬೆನ್ನು ಕೊಟ್ಟು, ಎದುರಿನ ಬ್ಲಾಕಿನಲ್ಲಿ ಒಣಹಾಕಿದ ಬಟ್ಟೆಗಳನ್ನು ನೋಡುತ್ತ ನಿಂತ.

ನಾನು ವಾಪಸು ಬಂದು ಐನ್‌ಗೆ ಇನ್ನೊಂದು ಸಲ ಅಂದೆ. ಚೆಂಡು ಅವಳ ಕೈಗೆ ಬಡಿದ ಸದ್ದಿಗೆ ಒಂದೊಂದು ಸಲವೂ ಅಪ್ಪನ ಹೆಗಲು ಅಲುಗುತ್ತಿತ್ತು. ನಾವು ಮುಗಿಸುವ ತನಕ ಅವನು ತಿರುಗಲಿಲ್ಲ.